ಗಟ್ಟಿ ಬಣ್ಣದ ತನಿಖೆ

ಬೇಸಿಗೆ, ಮಳೆ, ಚಳಿ ಸಾಲದು ಅಂತ ನಮ್ಮೂರಿಗೆ ತನಿಖೆಗಾಲ ಅಂತ ಇನ್ನೊಂದಿದೆ. ಬರುತ್ತೆ, ಜೋರಾಗಿ ಗುಡುಗುತ್ತೆ, ಒಂದು ಹನಿ ಬೀಳದೆ ಹೊರಟುಹೋಗುತ್ತೆ. ಪ್ರತಿ ವರ್ಷ ಇದೇ ಪಾಡು.

ಊರಿನ ಹೆಸರು ಕೇಳಬೇಡಿ. ಬೆಂಗಳೂರು ಗ್ರಾಮಾಂತರದಲ್ಲಿ ತಲೆ ಮೇಲೆ ವಿಮಾನ, ಪಕ್ಕದ ಮನೆಯಲ್ಲಿ ಪವರ್‌ಲೂಮು ಒಟ್ಟಿಗೆ ಸದ್ದು ಮಾಡೋ ಒಂದು ಊರು ಅಂದುಕೊಳ್ಳಿ, ಸಾಕು. ನನ್ನದು ಫ್ಲೆಕ್ಸ್ ಬ್ಯಾನರ್ ಅಂಗಡಿ. ಎಲ್ಲ ಪಾರ್ಟಿಯವರ ಹುಟ್ಟುಹಬ್ಬಕ್ಕೂ ಮುಖ ಬೆಳ್ಳಗೆ ಮಾಡಿಕೊಡೋನು ನಾನೇ. ಆದ್ದರಿಂದ ಯಾರ ಹೆಸರನ್ನೂ ಹೇಳೋದಿಲ್ಲ. ಉಳಿದದ್ದೆಲ್ಲ ನಿಜ. ಒಂದೆರಡು ಕಡೆ ನಿಜ ಸಪ್ಪೆ ಅನ್ನಿಸಿದ್ದರಿಂದ ಉಪ್ಪು ಹಾಕಿದ್ದೀನಿ, ಅಷ್ಟೇ.

ಇದೆಲ್ಲ ನಡೆದಿದ್ದು ನಮ್ಮ ಬೀದಿಯ ಚರಂಡಿಯಿಂದ. ಚರಂಡಿ ಇರಲಿಲ್ಲ ಅನ್ನೋದೇ ತಕರಾರು. ನಮ್ಮ ಎದುರು ಮನೆಯವನು ಸೀರೆ ನೇಯೋನು, ಬೀದಿಗೆಲ್ಲ ಮಗ್ಗದಣ್ಣ. ಅವನ ಮನೆ ರಸ್ತೆಗಿಂತ ತಗ್ಗಿನಲ್ಲಿದೆ. ಜೋರು ಮಳೆ ಬಂದರೆ ಬೀದಿ ನೀರೆಲ್ಲ ಹೇಳದೆ ಕೇಳದೆ ಅವನ ಮಗ್ಗದ ಕೋಣೆಗೆ ನುಗ್ಗುತ್ತೆ. ಮೋಟಾರು ಸುಡುತ್ತೆ, ಮಗ್ಗದ ಮೇಲಿರೋ ನೂಲು ನೆಂದು ಹಾಳಾಗುತ್ತೆ. “ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ಮಗ್ಗ ಗುಜರಿಗೆ ಹಾಕಿ, ಗಾರ್ಮೆಂಟ್ಸ್ ಗೇಟಲ್ಲಿ ವಾಚ್‌ಮನ್ ಆಗ್ಬೇಕು ಕಣೋ” ಅಂತಿದ್ದ. ತಮಾಷೆಗೆ ಹೇಳ್ತಿದ್ದಾನೆ ಅಂತ ನಾನು ನಕ್ಕೆ. ಅವನು ಆಗಲೇ ಯಾವ ಗೇಟು ಅಂತಾನೂ ನೋಡಿಕೊಂಡು ಬಂದಿದ್ದ.

ಆಗಿದೆ

ಚರಂಡಿ ಮಾಡಿಸಿಕೊಡಿ ಅಂತ ಕೇಳೋಕೆ ಇಬ್ಬರೂ ಪುರಸಭೆಯ ಇಂಜಿನಿಯರ್ ಹತ್ತಿರ ಹೋದೆವು. ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿ, ಕನ್ನಡಕ ಮೇಲೆತ್ತಿ, “ನಿಮ್ಮ ಬೀದಿ ಚರಂಡಿ ಆಗಿದೆಯಲ್ರೀ” ಅಂದರು.

“ಎಲ್ಲಿ ಸಾರ್?”

“ಇಲ್ನೋಡಿ. ಕಾಂಕ್ರೀಟು, ಮೇಲೆ ಚಪ್ಪಡಿ, ಎರಡೂ ಕಡೆ. ಕಾಮಗಾರಿ ಪೂರ್ಣಗೊಂಡಿದೆ.”

ಮಗ್ಗದಣ್ಣ ಬಗ್ಗಿ ಸ್ಕ್ರೀನು ನೋಡಿದ. ನಿಜಕ್ಕೂ ಅಲ್ಲಿ ಪೂರ್ಣಗೊಂಡಿತ್ತು. ನನಗೂ ಒಂದು ಕ್ಷಣ ನಮ್ಮ ಬೀದಿ ಬಗ್ಗೆ ಹೆಮ್ಮೆ ಬಂತು.

“ಸಾರ್, ನಮ್ಮ ಬೀದೀಲಿ ಇಲ್ವಲ್ಲ.”

“ನಮ್ಮಲ್ಲಿ ಇದೆ.”

ಮಗ್ಗದಣ್ಣ ಬಹಳ ವಿನಯದಿಂದ ಕೈ ಮುಗಿದ. “ಹಂಗಾದ್ರೆ ಮಳೆ ನೀರನ್ನ ಈ ಕಂಪ್ಯೂಟರಿಗೇ ಬಿಡ್ಲಾ ಸಾರ್?”

ಇಂಜಿನಿಯರ್ ಸಿಟ್ಟಾಗಲೇ ಇಲ್ಲ. ಅವರೂ ಅಷ್ಟೇ ವಿನಯದಿಂದ ಹೇಳಿದರು: “ಈಗ ಬೇಡಪ್ಪಾ, ಸರ್ವರ್ ಡೌನ್ ಇದೆ.”

ಬಾಣದ ಗುರುತು

ನನಗೆ ಸುಮ್ಮನಿರೋ ಬುದ್ಧಿ ದೇವರು ಕೊಟ್ಟಿಲ್ಲ. ಅಂಗಡಿಯಲ್ಲಿ ಉಳಿದಿದ್ದ ಫ್ಲೆಕ್ಸಿನ ಮೇಲೆ ನಮ್ಮ ವಾರ್ಡಿನ ಕೌನ್ಸಿಲರ್ ಫೋಟೋ ಹಾಕಿ, “ನಮ್ಮ ಬೀದಿಗೆ ಸುಸಜ್ಜಿತ ಚರಂಡಿ ನಿರ್ಮಿಸಿಕೊಟ್ಟ ಅಭಿವೃದ್ಧಿಯ ಹರಿಕಾರರಿಗೆ ಹೃತ್ಪೂರ್ವಕ ಅಭಿನಂದನೆಗಳು” ಅಂತ ಅಚ್ಚು ಹಾಕಿದೆ. ಕೆಳಗೆ ಒಂದು ದಪ್ಪ ಕೆಂಪು ಬಾಣ ಹಾಕಿ, ನಮ್ಮ ಬೀದಿಯಲ್ಲೇ ಕಟ್ಟಿದೆ. ಬಾಣದ ತುದಿ ಎಲ್ಲಿಗೆ ಬರುತ್ತೋ ಅಲ್ಲಿ ಒಂದು ಹಸು ಕೆಸರಲ್ಲಿ ಮಲಗಿರುತ್ತಿತ್ತು.

ಬೀದಿಯವರೆಲ್ಲ ಬಂದು ನಕ್ಕರು. ಬೆಳಗಿನ ಕಾಫಿಗಿಂತ ಹಿತವಾಗಿತ್ತು ನನಗೆ. ಅಷ್ಟರಲ್ಲಿ ಕೌನ್ಸಿಲರ್ ಬುಲೆಟ್ಟಿನಲ್ಲಿ ಬಂದರು. ಹಿಂದೆಯೇ ಇಂಜಿನಿಯರ್. ಇವತ್ತು ನನಗೆ ಪೂಜೆ ಗ್ಯಾರಂಟಿ ಅಂದುಕೊಂಡು ಶಟರ್ ಅರ್ಧ ಎಳೆದೆ.

ಕೌನ್ಸಿಲರ್ ಬಂದವರೇ ನನ್ನನ್ನ ತಬ್ಬಿಕೊಂಡರು. “ಊರಲ್ಲಿ ಉಪಕಾರ ನೆನೆಯೋನು ನೀನೊಬ್ಬನೇ ಗುರು!”

ಇಂಜಿನಿಯರ್ ಆಗಲೇ ಮೊಬೈಲ್ ಅಡ್ಡ ಹಿಡಿದು ಬ್ಯಾನರಿನ ಫೋಟೋ ತೆಗೀತಿದ್ದರು. ಕೆಲಸ ಆಗಿದೆ ಅನ್ನೋದಕ್ಕೆ ಸಾರ್ವಜನಿಕರ ಸಾಕ್ಷಿ ಬೇಕಾಗಿತ್ತಂತೆ. ಚರಂಡಿಗೆ ಸಾಕ್ಷಿ ಸಿಕ್ಕಿದ್ದೇ ನನ್ನಿಂದ.

ಹೊರಡುವಾಗ ಕೌನ್ಸಿಲರ್ ನನ್ನ ಕಿವಿ ಹತ್ತಿರ ಬಗ್ಗಿದರು. “ಎಲ್ಲಾ ಚೆನ್ನಾಗಿದೆ. ಆ ಬಾಣ ಮಾತ್ರ ತೆಗೆದುಬಿಡು. ಜನ ಆ ಕಡೆ ನೋಡ್ಬಿಡ್ತಾರೆ.”

ಹೂಳು

ಇದಾದ ಮೇಲೆ ಪುರಸಭೆಯ ಮೀಟಿಂಗಿಗೆ ಬ್ಯಾನರ್ ಕಟ್ಟೋಕೆ ಹೋಗಿದ್ದೆ. ಕಟ್ಟಿ ಮುಗಿದ ಮೇಲೂ ಏಣಿ ಹಿಡಿದುಕೊಂಡು ನಿಂತಿದ್ದೆ. ಏಣಿ ಹಿಡಿದವನನ್ನ ಯಾರೂ ಆಚೆ ಕಳಿಸೋದಿಲ್ಲ, ಇದು ನನ್ನ ಅನುಭವ.

ವಿಷಯ ಬಂತು: ನಮ್ಮ ಬೀದಿ ಚರಂಡಿಯ ಹೂಳು ಎತ್ತಿಸಿದ ಬಿಲ್ಲಿಗೆ ಮಂಜೂರಾತಿ.

ಎದುರು ಪಾರ್ಟಿ ಸದಸ್ಯರೊಬ್ಬರು ಎದ್ದು ಮೇಜು ಗುದ್ದಿದರು. “ಏನ್ ನಾಟಕ ಇದು? ಇಲ್ಲದೇ ಇರೋ ಚರಂಡೀಲಿ ಹೂಳು ಎಲ್ಲಿಂದ ಬಂತು ಸ್ವಾಮಿ?”

ನನಗೆ ಮೈ ಜುಮ್ಮೆಂದಿತು. ಅಂತೂ ಒಬ್ಬ ಗಂಡಸು ಹುಟ್ಟಿದನಲ್ಲ! ಬಂದು ಕೇಳಲಿ ಅಂತ ಮಗ್ಗದಣ್ಣನಿಗೆ ಫೋನೂ ಮಾಡಿದೆ.

ಇಂಜಿನಿಯರ್ ಸಾವಕಾಶವಾಗಿ ಎದ್ದರು. “ಈಗ ಅಲ್ಲಿ ಹೂಳು ಇದೆಯಾ ಸಾರ್? ಬನ್ನಿ, ನೋಡೇ ಬಿಡೋಣ.”

ಜೀಪು ಮಾಡಿಕೊಂಡು ಎಲ್ಲರೂ ಬಂದು ನಮ್ಮ ಬೀದಿಯಲ್ಲಿ ಹುಡುಕಿದರು. ಚರಂಡಿಯೇ ಇಲ್ಲ, ಹೂಳು ಎಲ್ಲಿಂದ ಬರಬೇಕು?

“ಕಂಡ್ರಾ?” ಅಂದರು ಇಂಜಿನಿಯರ್. “ಎಷ್ಟು ಕ್ಲೀನಾಗಿ ಎತ್ತಿಸಿದೀನಿ!”

ಎದುರು ಪಾರ್ಟಿಯವರು ಗಲ್ಲ ಕೆರೆದುಕೊಳ್ಳುತ್ತಾ ಬಹಳ ಹೊತ್ತು ನೆಲ ನೋಡಿದರು. ಮಗ್ಗದಣ್ಣ ಅವರ ಪಕ್ಕದಲ್ಲೇ ಕೈ ಕಟ್ಟಿಕೊಂಡು, ಇನ್ನೇನು ಹೇಳ್ತಾರೆ ಅಂತ ಆಸೆಯಿಂದ ಅವರ ಬಾಯನ್ನೇ ನೋಡುತ್ತಿದ್ದ. ಕೊನೆಗೆ ಅವರು ಬಾಯಿಬಿಟ್ಟರು.

“ನಮ್ಮ ವಾರ್ಡಿಗೂ ಇಂಥದ್ದೇ ಒಂದು ಚರಂಡಿ ಹಾಕ್ಕೊಡಿ.”

ನೋಡ್ಕೊಳ್ಳಿ

ನಮ್ಮ ಕಡೆ ಯಾವ ಅಧಿಕಾರಿಯೂ ಲಂಚ ಕೇಳೋದಿಲ್ಲ. “ಸ್ವಲ್ಪ ನೋಡ್ಕೊಳ್ಳಿ” ಅಂತಾರೆ. ಇಂಜಿನಿಯರ್ ಮಗ್ಗದಣ್ಣನಿಗೂ ಅದನ್ನೇ ಹೇಳಿದರು: ಹಳೇ ಚರಂಡಿ ಶಿಥಿಲ ಆಗಿದೆ ಅಂತ ಬರೆದು ಹೊಸದು ಮಾಡಿಸಬಹುದು, ನಮ್ಮನ್ನ ಸ್ವಲ್ಪ ನೋಡ್ಕೊಳ್ಳಿ, ಹಬ್ಬ ಬಂತು, ನಮ್ಮ ಮನೆಯವರಿಗೆ ರಾಣಿ ಬಣ್ಣದ ರೇಷ್ಮೆ ಸೀರೆ ಅಂದರೆ ಜೀವ.

ಮಗ್ಗದಣ್ಣನಿಗೆ ಸೀರೆ ಕೊಡೋದು ದೊಡ್ಡದಲ್ಲ. ಆದರೆ ಅವನ ಸೀರೆಗೆ ಊರಲ್ಲಿ ಒಂದು ಹೆಸರಿದೆ: ಗಟ್ಟಿ ಬಣ್ಣ, ಒಗೆದರೂ ಬಿಡೋದಿಲ್ಲ. ಅವರಪ್ಪ ಕಟ್ಟಿದ ಹೆಸರು ಅದು. ಅಂಥಾ ಸೀರೇನ ಇಲ್ಲದ ಚರಂಡಿಗೆ ಕೊಡೋದಾ ಅಂತ ಅವನಿಗೆ ಉರಿದುಹೋಯಿತು. ನಾನೂ ಒಂದಿಷ್ಟು ಗಾಳಿ ಹಾಕಿದೆ. ಇಬ್ಬರೂ ಹೋಗಿ ಲಂಚಕೋರರನ್ನ ಹಿಡಿಯೋ ತನಿಖಾಧಿಕಾರಿಗೆ ದೂರು ಕೊಟ್ಟೆವು.

ಅಧಿಕಾರಿ ಒಳ್ಳೆಯವರು. ಅದೇ ಕಷ್ಟ. ಪ್ರತಿ ಮಾತನ್ನೂ ಕೇಳಿ ಬರ್ಕೊಳ್ತಿದ್ದರು.

“ಲಂಚ ಕೊಡು ಅಂತ ಬಾಯಿಬಿಟ್ಟು ಕೇಳಿದ್ರಾ?”

“ಇಲ್ಲ ಸಾರ್. ನೋಡ್ಕೊಳ್ಳಿ ಅಂದ್ರು.”

“ಏನನ್ನ ನೋಡ್ಕೊಳ್ಳಿ ಅಂದ್ರು?”

“ಅವರನ್ನ.”

“ಅದು ತಪ್ಪಲ್ವಲ್ರೀ. ಸರಿ, ದೂರು ತಗೊಂಡಿದೀವಿ, ನೋಡ್ತೀವಿ.”

ಮಗ್ಗದಣ್ಣ ತಲೆ ಮೇಲೆ ಕೈ ಹೊತ್ತ. “ಸಾರ್, ಅವರು ನೋಡ್ಕೊಳ್ಳಿ ಅಂದ್ರು. ನೀವು ನೋಡ್ತೀವಿ ಅಂತೀರ. ಕೌನ್ಸಿಲರು ದೂರು ಗೀರು ಕೊಟ್ರೆ ನೋಡ್ಕೋತೀನಿ ಅಂದಿದ್ದಾರೆ. ಇಷ್ಟೊಂದು ಜನ ನೋಡ್ತಿದ್ರೂ ಆ ಚರಂಡಿ ಯಾಕೆ ಸಾರ್ ಯಾರಿಗೂ ಕಾಣಲ್ಲ?”

ಗಟ್ಟಿ ಬಣ್ಣ

ಕೊನೆಗೆ ಅಧಿಕಾರಿ ಬಲೆ ಬೀಸೋಕೆ ಒಪ್ಪಿದರು. ಅವರ ಹತ್ತಿರ ಒಂದು ಬಿಳೀ ಪುಡಿ ಇರುತ್ತೆ. ಹಚ್ಚಿದ್ದು ಕಣ್ಣಿಗೆ ಕಾಣಲ್ಲ. ಮುಟ್ಟಿದ ಕೈಯನ್ನ ಸೋಡಾ ಬೆರೆಸಿದ ನೀರಿಗೆ ಅದ್ದಿದರೆ ನೀರು ಕೆಂಪಾಗುತ್ತೆ, ಆಸಾಮಿ ಒಳಗೆ ಹೋಗ್ತಾನೆ. ನೋಟಿಗೆ ಹಚ್ಚಿ ಅವರಿಗೆ ಅಭ್ಯಾಸ, ಸೀರೆಗೆ ಇದೇ ಮೊದಲು. ಮಗ್ಗದಣ್ಣನ ಮನೆಗೇ ಬಂದು, ಕಡುಗುಲಾಬಿಯ ಆ ರಾಣಿ ಬಣ್ಣದ ಸೀರೆಗೆ ಪುಡಿ ಸವರಿ, ತಟ್ಟೆಯಲ್ಲಿಟ್ಟು, “ಇಂಜಿನಿಯರ್ ಮುಟ್ಟೋ ತನಕ ಯಾರೂ ಮುಟ್ಟಬೇಡಿ” ಅಂತ ಎಚ್ಚರಿಸಿ, ಪಕ್ಕದ ಕೋಣೆಯಲ್ಲಿ ಕೂತರು. ಜೊತೆಗೆ ಸಾಕ್ಷಿಗೆ ಅಂತ ಇಬ್ಬರು ಪಂಚರು. ನಾನು ಎಲ್ಲಿದ್ದೆ ಅಂತೀರಾ? ಕಿಟಕಿ ಆಚೆ. ಒಳಗೇ ಇದ್ದೆ ಅಂತಲೂ ಕೆಲವರ ಹತ್ತಿರ ಹೇಳಿದ್ದೀನಿ.

ಇಂಜಿನಿಯರ್ ‘ಸ್ಥಳ ಪರಿಶೀಲನೆ’ಗೆ ಬಂದರು. ಅತ್ತಿಗೆ, ಅಂದರೆ ಮಗ್ಗದಣ್ಣನ ಹೆಂಡತಿ, ತಟ್ಟೆ ತಂದು ಮುಂದೆ ಹಿಡಿದರು. ಇಂಜಿನಿಯರ್ ಸೀರೆಯನ್ನ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಮಗ್ಗದಣ್ಣ ಮೊದಲೇ ಗೊತ್ತುಮಾಡಿಕೊಂಡ ಸನ್ನೆಯಂತೆ ಟವೆಲಿನಿಂದ ತಲೆ ಒರೆಸಿಕೊಂಡ. ಅಧಿಕಾರಿ ನುಗ್ಗಿದರು. ಇಂಜಿನಿಯರ್ ಕೈ ಸೋಡಾ ನೀರಿನ ಬೋಗುಣಿಗೆ ಇಳಿಯಿತು. ನೀರು ಕೆಂಪೋ ಕೆಂಪು!

ಮಗ್ಗದಣ್ಣನ ಮುಖದಲ್ಲಿ ಅಂಥಾ ನಗು ನಾನು ಅವನ ಮದುವೇಲೂ ನೋಡಿರಲಿಲ್ಲ.

ಇಂಜಿನಿಯರ್ ಕೈಯನ್ನ ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಸೀರೆ ಕಡೆ ನೋಡಿ ಮೂಗು ಮುರಿದರು. “ಸೀರೆ ಬಣ್ಣ ಬಿಟ್ಟಿದೆ ಸಾರ್. ಕಳಪೆ ಬಣ್ಣ.”

ಗ್ರಹಚಾರ ನೋಡಿ, ಅದೇ ಹೊತ್ತಿಗೆ ಮಗ್ಗದಣ್ಣನ ಸೀರೆಗಳನ್ನೆಲ್ಲ ಕೊಳ್ಳೋ ಸಾವ್ಕಾರ್ರು ಹೊಸ ಮಾಲು ನೋಡೋಕೆ ಬಂದು ಬಾಗಿಲಲ್ಲಿ ನಿಂತಿದ್ದರು. “ಏನಪ್ಪಾ,” ಅಂದರು ಮೆತ್ತಗೆ, “ಬಣ್ಣ ಬಿಡುತ್ತಾ?”

“ಯಾರ ಬಣ್ಣ ಸಾವ್ಕಾರ್ರೇ ಬಿಡೋದು? ನಮ್ಮ ಬಣ್ಣನಾ?” ಮಗ್ಗದಣ್ಣ ಕೂಗಾಡಿದ. “ಬಿಡಲ್ಲ ಸಾರ್, ಬರ್ಕೊಳ್ಳಿ!”

“ಬಿಡಲ್ಲ ಅಂದ್ರೆ ಕೆಂಪಾಗಿದ್ದು ನಮ್ಮ ಪುಡಿಯಿಂದಲೇ,” ಅಂತ ಅಧಿಕಾರಿ ಪೆನ್ನು ತೆಗೆದರು. ಮುಗೀತು, ಚರಂಡಿ ಬಂತು ಅಂತ ನಾನು ಕಿಟಕಿ ಸರಳು ಹಿಡಿದು ಕುಣಿದೆ.

ಆದರೆ ಅತ್ತಿಗೆಗೆ ಸಮಾಧಾನ ಆಗಿರಲಿಲ್ಲ. ಸಾವ್ಕಾರ್ರ ಮುಖದಲ್ಲಿ ಅನುಮಾನ ಇನ್ನೂ ಇತ್ತಲ್ಲ. ಅವರು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

“ನಮ್ಮ ಬಣ್ಣ ಅಲ್ವೇ ಅಲ್ಲ ಸಾರ್! ಅದು ಅರಿಶಿನ! ಅರಿಶಿನಕ್ಕೆ ಸೋಡಾ ನೀರು ತಗಲಿದ್ರೆ ಕೆಂಪಾಗದೆ ಇನ್ನೇನಾಗುತ್ತೆ? ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡೋದು ನಿಮ್ಮ ಮನೇಲಿ ನೋಡಿಲ್ವಾ?”

ಅಧಿಕಾರಿಯ ಪೆನ್ನು ನಿಂತಿತು. “ಅರಿಶಿನ ಎಲ್ಲಿಂದ ಬಂತಮ್ಮಾ?”

“ಸೀರೆ ಅಂಚಿಗೆ ನಾನೇ ಹಚ್ಚಿದೆ.”

“ಮುಟ್ಟಬೇಡಿ ಅಂದಿರ್ಲಿಲ್ವಾ!”

“ಒಬ್ಬ ಮುತ್ತೈದೆ ಮನೆಗೆ ಹೋಗೋ ಸೀರೆ ಸಾರ್. ಅರಿಶಿನ ಹಚ್ಚದೆ ಹೊಸಿಲು ದಾಟಿಸೋಕಾಗುತ್ತಾ? ಗಂಡ ಕಳ್ಳ ಆದ್ರೆ ಆಯಮ್ಮ ಏನ್ ಪಾಪ ಮಾಡಿದ್ಳು?”

“ರೀ, ಸುಮ್ನಿರೇ!” ಅಂದ ಮಗ್ಗದಣ್ಣ. ಗಾಬರಿಯಲ್ಲಿ ಯಾರು ಗಂಡ ಯಾರು ಹೆಂಡತಿ ಅನ್ನೋದೂ ಅವನಿಗೆ ಮರೆತುಹೋಗಿತ್ತು.

ಅತ್ತಿಗೆ ಸುಮ್ಮನಿರಲಿಲ್ಲ. ಅಡುಗೆಮನೆಯಿಂದ ಅರಿಶಿನ ತಂದು ಇನ್ನೊಂದು ಬಟ್ಟಲು ಸೋಡಾ ನೀರಿಗೆ ಹಾಕಿದರು. ಕೆಂಪಾಯಿತು. ಸೀರೆಯ ಇನ್ನೊಂದು ತುದಿಯನ್ನ ಬರೀ ನೀರಲ್ಲಿ ಅದ್ದಿ ಹಿಂಡಿದರು. ನೀರು ಎಳನೀರಿನ ಹಾಗೆ ತಿಳಿ. ಆ ತಿಳಿನೀರಿನ ಬಟ್ಟಲನ್ನ ಸಾವ್ಕಾರ್ರ ಮೂಗಿನ ತನಕ ಹಿಡಿದು, “ನೋಡ್ಕೊಳ್ಳಿ!” ಅಂದರು.

ಇಂಜಿನಿಯರ್‌ಗೆ ಜೀವ ಬಂತು. “ಅರಿಶಿನ ಕುಂಕುಮದ ಸೀರೆ ಸಾರ್. ಅಕ್ಕ ತಂಗೀರು ಮರ್ಯಾದೆಗೆ ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?” ಅಂತ ಅತ್ತಿಗೆಗೆ ಕೈ ಮುಗಿದು, ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟರು.

ಅಧಿಕಾರಿ ಎರಡೂ ಕೆಂಪು ನೀರನ್ನ ಬೇರೆ ಬೇರೆ ಸೀಸೆಗೆ ತುಂಬಿಸಿಕೊಂಡರು. “ಲ್ಯಾಬಿಗೆ ಕಳಿಸ್ತೀನಿ. ಆದ್ರೆ ಇನ್ನು ಇದು ಕೋರ್ಟಲ್ಲಿ ನಿಲ್ಲಲ್ಲ” ಅಂದರು. ಆಮೇಲೆ ನಡೆದದ್ದನ್ನೆಲ್ಲ ಬರೆದು, ಪಂಚರ ಸಹಿ ಹಾಕಿಸಿ, ಒಂದು ಪ್ರತಿ ಕೊಟ್ಟು ಹೋದರು. ಕೆಂಪು ಬಣ್ಣಕ್ಕೆ ಕಾರಣ ಖಚಿತವಿಲ್ಲ. ಆರೋಪ ಖಚಿತವಿಲ್ಲ. ಇಷ್ಟು ದೊಡ್ಡ ತನಿಖೆಯಲ್ಲಿ ಖಚಿತವಾಗಿದ್ದು ಒಂದೇ ಸಾಲು: “ಸದರಿ ಸೀರೆಯು ಬಣ್ಣ ಬಿಡುವುದಿಲ್ಲವೆಂದು ಪಂಚರ ಸಮಕ್ಷಮ ದೃಢಪಟ್ಟಿರುತ್ತದೆ.”

ಸಾವ್ಕಾರ್ರು ಆ ಸಾಲನ್ನ ಎರಡು ಸಲ ಓದಿ ಕುಣಿದಾಡಿದರು. ಅದನ್ನ ಜೆರಾಕ್ಸ್ ಮಾಡಿಸಿ ಪ್ರತಿ ಸೀರೆ ಜೊತೆ ಇಡ್ತಾರಂತೆ. ಮಗ್ಗ ಹಗಲೂ ರಾತ್ರಿ ಓಡಲಿ, ನೇಯ್ದಷ್ಟೂ ತಗೋತೀನಿ ಅಂದರು.

ಮಗ್ಗದಣ್ಣ ಹೊಸಿಲ ಮೇಲೆ ಕುಸಿದು ಕೂತಿದ್ದ. ಹೊರಗೆ ಮೋಡ ಕಟ್ಟಿತ್ತು. “ಎಲ್ಲಿ ಓಡಿಸ್ಲಿ ಸಾವ್ಕಾರ್ರೇ?” ಅಂದ. “ಚರಂಡಿ ಇನ್ನು ಈ ಜನ್ಮದಲ್ಲಿ ಆಗಲ್ಲ. ಮಳೆ ಬಂದ್ರೆ ಮಗ್ಗದ ಕೋಣೆ ತುಂಬ ನೀರು. ನಿಮ್ಮ ಸೀರೆಗಳೆಲ್ಲ ಅದರಲ್ಲೇ ತೇಲ್ತವೆ.”

ಸಾವ್ಕಾರ್ರು ಅವನ ಬೆನ್ನು ತಟ್ಟಿದರು.

“ತೇಲ್ಲಿ ಬಿಡಪ್ಪಾ. ಬಣ್ಣ ಬಿಡಲ್ಲ ಅಂತ ಸರ್ಕಾರನೇ ಬರ್ಕೊಟ್ಟಿದೆಯಲ್ಲ!”