ಆಲೂಗಡ್ಡೆ ನೆನೆಸುವ ಮಾವ

ಇಡೀ ಯಲಹಂಕದಲ್ಲಿ ಆಲೂಗಡ್ಡೆಗೆ ಬಿಸಿನೀರಿನ ಸ್ನಾನ ಮಾಡಿಸುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ಜೀವಶಾಸ್ತ್ರದ ಮೇಷ್ಟ್ರು ನಿವೃತ್ತರಾದರು, ಪಾಠ ಮಾತ್ರ ಆಗಲಿಲ್ಲ. ಅದೂ ಒಂದೇ ಪಾಠ, ಜೀವಕೋಶದ ಪೊರೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ನೋಡಿಕೊಳ್ಳುವುದೇ ಅದರ ಕೆಲಸವಂತೆ.

ಮಾವನೂ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಅದೇ ಕೆಲಸ ಮಾಡುತ್ತಿದ್ದರು. ಸೊಪ್ಪಿನವಳು ಸಲೀಸಾಗಿ ಒಳಗೆ. ವಾಟರ್ ಫಿಲ್ಟರ್ ಮಾರುವವನು ಬಂದರೆ, "ನೀನು ದೊಡ್ಡ ಅಣು ಕಣಪ್ಪಾ, ಇಲ್ಲಿ ತೂರಕ್ಕಾಗಲ್ಲ" ಎಂದು ವಾಪಸ್! ಪಾಪ, ಅವನು ತನ್ನ ಹೊಟ್ಟೆ ಸವರಿಕೊಂಡು ಹೋಗುತ್ತಿದ್ದ.

"ಮತ್ತೆ ನನ್ನ ಯಾಕ್ರೀ ಬಿಟ್ಕೊಂಡ್ರಿ?" ಎಂದು ಅತ್ತೆ ಒಳಗಿನಿಂದ ಕೇಳುವರು.

"ನೀನು ನೀರಿದ್ದ ಹಾಗೆ ಕಣೇ. ತಡೆಯಕ್ಕೆ ನಾನ್ಯಾರು?"

ಅಂಥ ಅತ್ತೆಯ ಕಿಡ್ನಿ ಕೈಕೊಟ್ಟಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಆ ಯಂತ್ರದೊಳಗೂ ಒಂದು ಪೊರೆ ಇದೆಯೆಂದು ತಿಳಿದ ಮಾವ ನರ್ಸಿಗೇ ಪಾಠ ಹೇಳಿದರು! "ಅಂಕಲ್, ಟೆಸ್ಟ್ ಮಾತ್ರ ಇಡ್ಬೇಡಿ" ಎಂದಳು ಅವಳು. ಮಾವ ನಕ್ಕು, ಅತ್ತೆಯ ಹೊದಿಕೆ ಸರಿಮಾಡಿದರು.

ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು ಎಂದರು ಡಾಕ್ಟರು. ಆಲೂಗಡ್ಡೆಯಲ್ಲಿ ಅದು ಹೇರಳ, ಅತ್ತೆಗೋ ಆಲೂಗಡ್ಡೆ ಪಲ್ಯವೆಂದರೆ ಪ್ರಾಣ! ಅಂದಿನಿಂದ ಅಡುಗೆಮನೆ ಮಾವನದಾಯಿತು. ತೆಳ್ಳಗೆ ಹೆಚ್ಚುವುದು, ಬಿಸಿನೀರಲ್ಲಿ ನೆನೆಸುವುದು, ಆ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯಿಸುವುದು, ಅದನ್ನೂ ಬಸಿಯುವುದು.

"ಜೀವ ಇರೋವರ್ಗೂ ಪೊರೆ ಪೊಟ್ಯಾಸಿಯಂನ ಒಳಗೇ ಹಿಡ್ಕೊಂಡಿರತ್ತೆ ಕಣೇ. ಬಿಸಿ ತಾಗಿ ಸತ್ತರೆ ಮುಗೀತು, ಏನೂ ಹಿಡ್ಕೊಳಕ್ಕಾಗಲ್ಲ" ಎಂದು ನನಗೆ ವಿವರಿಸುತ್ತಿದ್ದರು.

"ರುಚೀನೂ ಹೊರಗೆ ಹೋಗಿದೆ ಕಣ್ರೀ!" ಎನ್ನುತ್ತಿದ್ದರು ಅತ್ತೆ. ಮಾವ ಅದೇ ಸಪ್ಪೆ ಪಲ್ಯವನ್ನು ತಾವೂ ತಟ್ಟೆ ಖಾಲಿಯಾಗುವವರೆಗೆ ತಿನ್ನುತ್ತಿದ್ದರು.

ಶ್ರಾವಣದಲ್ಲಿ ಅತ್ತೆ ಹೋದರು. ಮಾವ ಅಳಲಿಲ್ಲ. ಬಂದವರನ್ನೆಲ್ಲ ಅವರೇ ಸಮಾಧಾನ ಮಾಡಿ ಕಳಿಸಿದರು.

ಮೊನ್ನೆ ಹೋದೆ. ಗೇಟು ಹಾರು ಹೊಡೆದಿತ್ತು, ಕುರ್ಚಿ ಇರಲಿಲ್ಲ. ನಡುಮನೆಯಲ್ಲಿ ಫಿಲ್ಟರಿನವನು ಆರಾಮವಾಗಿ ಕಾಫಿ ಕುಡಿಯುತ್ತಿದ್ದ! ಅಡುಗೆಮನೆಯಲ್ಲಿ ಮಾವ ಆಲೂಗಡ್ಡೆ ನೆನೆಸಿದ ನೀರು ಚೆಲ್ಲುತ್ತಿದ್ದರು.

"ಇದಿನ್ನು ಯಾರಿಗೆ ಮಾವಾ?"

ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಎಷ್ಟು ನೀರು ಚೆಲ್ದೆ ಕಣೇ... ಆದ್ರೂ ಅವಳನ್ನ ಹಿಡ್ಕೊಳಕ್ಕಾಗ್ಲಿಲ್ಲ."

ಆಗ ಅತ್ತರು, ಮಗುವಿನ ಹಾಗೆ. ನನಗೂ ಅಳು ಬಂತು.

ಆಮೇಲೆ ಇಬ್ಬರೂ ಊಟಕ್ಕೆ ಕೂತೆವು. ಪಲ್ಯಕ್ಕೆ ನಿಜಕ್ಕೂ ರುಚಿಯೇ ಇರಲಿಲ್ಲ. ಇಬ್ಬರೂ ಇನ್ನೊಮ್ಮೆ ಬಡಿಸಿಕೊಂಡೆವು.