ಹಾರಾಟಕ್ಕೆ ಅಪ್ಪಣೆ

ಇಲ್ಲದ ಸ್ವಾತಂತ್ರ್ಯಕ್ಕಾಗಿ ಗೊಣಗುವುದರಲ್ಲಿರುವ ಸುಖ, ಅದು ಕೈಗೆ ಸಿಕ್ಕಮೇಲೆ ಇರುವುದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯ ಪಕ್ಕದ ಟೀ ಅಂಗಡಿಯಲ್ಲಿ ನಾನು ವಿಮಾನಶಾಸ್ತ್ರದ ಪಂಡಿತನೆಂದೇ ಹೆಸರುವಾಸಿ. ಅಮೆರಿಕದಲ್ಲಿ ಒಬ್ಬರೇ ಕೂರುವ ಹಗುರ ಯಂತ್ರವನ್ನು ಲೈಸೆನ್ಸಿಲ್ಲದೆ ಹಾರಿಸಬಹುದು, ಇಂಗ್ಲೆಂಡಿನಲ್ಲಿ ಬೆನ್ನಿಗೆ ಫ್ಯಾನು ಕಟ್ಟಿಕೊಂಡು ಓಡಿದರೆ ಮೇಲೇರಬಹುದು, ನಮ್ಮಲ್ಲೋ ಗಾಳಿಪಟಕ್ಕಿಂತ ದೊಡ್ಡದೇನು ಹಾರಿಸಿದರೂ ಹತ್ತು ಕಡೆ ಅಪ್ಪಣೆ ಬೇಕು ಎಂದು ವಿವರಿಸಿ, "ನಮ್ಮ ರೆಕ್ಕೆ ಕತ್ತರಿಸವ್ರೆ ಕಣ್ರಯ್ಯ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಆ ನಿಟ್ಟುಸಿರಿಗೆ ಎಷ್ಟೋ ಸಲ ಪುಕ್ಕಟೆ ಟೀ ಸಿಕ್ಕಿದೆ.

ಮಂಡಿಯ ಗೆಳೆಯ ರುದ್ರೇಶನಿಗೆ ನನ್ನ ಮೇಲೆ ಕನಿಕರ ಬಂದದ್ದೇ ಆಪತ್ತಾಯಿತು. "ನಮ್ಮ ಷಡ್ಡಕ ಅಂಥಾದ್ದೇ ಎರಡು ಸೀಟಿನ ಮಿಷನ್ ತಂದವ್ನೆ. ಪರ್ಮಿಶನ್ ಎಲ್ಲಾ ಮಾಡಿಸವ್ನೆ ಕಣ್ಲಾ. ಭಾನುವಾರ ಹಂದನಕೆರೆ ಕಡೆ ಬಾ, ಒಣಗಿದ ಕೆರೆ ಅಂಗಳದಾಗೆ ಹಾರಿಸ್ತಾನೆ. ನೀನು ಸುಮ್ನೆ ಮುಂದ್ಗಡೆ ಕೂತ್ಕೋ" ಎಂದ. ಟೀ ಅಂಗಡಿಯವರೆಲ್ಲ ನನ್ನ ಬೆನ್ನು ತಟ್ಟಿದರು. ನಾನು ಅರ್ಧ ಟೀ ಹಾಗೇ ಬಿಟ್ಟು ಮನೆಯ ದಾರಿ ಹಿಡಿದೆ.

ನಿಮ್ಮಲ್ಲೇ ಇರಲಿ, ನನಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ. ಕೊಬ್ಬರಿಗೆಂದು ಕಾಯಿ ತುಂಬಿಟ್ಟಿರುವ ನಮ್ಮ ಅಟ್ಟಕ್ಕೆ ಹತ್ತುವವಳು ನನ್ನ ಹೆಂಡತಿ ಗೌರಮ್ಮ. ನಾನು ಕೆಳಗೆ ಏಣಿ ಹಿಡಿದು ಸಲಹೆ ಕೊಡುವವನು. ಈಗ ನನ್ನ ಮರ್ಯಾದೆ ಉಳಿಸಲು ಅವಳೇ ಗತಿ. "ನೀನು ಬ್ಯಾಡ ಅಂದ್ಬುಡು, ನಿನ್ನ ಮಾತು ಮೀರಕ್ಕಾಗಲ್ಲ ಅಂತ ಅವ್ರಿಗೆ ಹೇಳ್ಬುಡ್ತೀನಿ" ಎಂದು ಬೇಡಿಕೊಂಡೆ. ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, "ನಾನ್ಯಾಕ್ರೀ ಬ್ಯಾಡ ಅನ್ಲಿ? ಅಮೇರಿಕದಾಗೆ ಹೆಂಡ್ತೀರ್ನ ಕೇಳ್ಕಂಡು ಹಾರ್ತಾರಾ?" ಎಂದಳು.

ಭಾನುವಾರ ಕೆರೆಯಂಗಳದಲ್ಲಿ ಟೀ ಅಂಗಡಿಯ ಪಟಾಲಮ್ಮೆಲ್ಲ ಸೇರಿತ್ತು. ಮೂರು ಗಾಲಿಯ ಆ ಯಂತ್ರ ನೋಡಿದೊಡನೆ ನನಗೆ ಕಾನೂನಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ವಿಮೆ ಇದೆಯೇ, ಗಾಳಿ ಯಾವ ದಿಕ್ಕಿನದು, ಜರ್ಮನಿಯಲ್ಲಿ ಇಷ್ಟು ಸಲೀಸಾಗಿ ಬಿಡುವುದಿಲ್ಲವಲ್ಲ ಎಂದೆಲ್ಲ ವಿಚಾರಿಸುತ್ತ ಹಿಂದೆ ಹಿಂದೆ ಸರಿದೆ. "ಇವ್ರ ಮಾತು ಮುಗಿಯೋಷ್ಟ್ರಲ್ಲಿ ಹೊತ್ತು ಮುಳುಗ್ತದೆ" ಎಂದು ಜೊತೆಗೆ ಬಂದಿದ್ದ ಗೌರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಹಿಂದಿನ ಸೀಟಿನಲ್ಲಿ ಕೂತ ರುದ್ರೇಶನ ಷಡ್ಡಕ ಅವಳನ್ನು ತೋಟಗಳ ಮೇಲೆ ಸುತ್ತು ಹಾಕಿಸುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡು ಮನೆದೇವರಿಗೆ ಹರಕೆ ಹೊತ್ತೆ.

ಇಳಿದವಳ ಮುಖದಲ್ಲಿ ನಾನು ಮದುವೆಯಾದಾಗಿನಿಂದ ಕಾಣದ ನಗುವಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. "ಇನ್ನೊಂದು ಸುತ್ತು ಹೋಗ್ಬತ್ತೀನಿ ಕಣ್ರೀ" ಎಂದಳು. ಎಲ್ಲರೂ ನನ್ನತ್ತ ನೋಡಿದರು. ನಾನು ಯಜಮಾನನ ಗತ್ತಿನಿಂದ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತಲೇ ಎಚ್ಚರಿಕೆಯ ಮಾತುಗಳನ್ನೆಲ್ಲ ಸಾವಕಾಶವಾಗಿ ಹೇಳಿ ಮುಗಿಸಿ, "ಆಯ್ತು, ಹೋಗಿ ಬಾ" ಎಂದು ಅಪ್ಪಣೆ ಕೊಟ್ಟೆ. ಅಷ್ಟರಲ್ಲಿ ಅವಳು ತೆಂಗಿನ ಗರಿಗಳನ್ನು ದಾಟಿ ಮೇಲೆ ಹೋಗಿದ್ದಳು.