ಬೆಳೆಯ ನೀರಡಿಕೆ ಬಲ್ಲ ಮಾವನವರು

ನಾನು ಇಳಕಲ್ಲಿನಿಂದ ಸೊಸೆಯಾಗಿ ಬಂದಾಗ ನಮ್ಮ ಮಾವನವರು ಜೋಳದ ಜೊತೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಎರಡು ಸಲ ನೀರು ಕುಡಿದೂ ಅದು ಬಾಡಿದ ಮುಖ ಮಾಡಿಕೊಂಡು ನಿಂತಿತ್ತಂತೆ. ಉಂಡೂ ಉಪವಾಸವಿದ್ದಂತೆ ನಿಲ್ಲುವ ಬೆಳೆಯನ್ನು ಯಾರು ತಾನೇ ಮಾತನಾಡಿಸುತ್ತಾರೆ ಹೇಳಿ! ನೇಕಾರರ ಮನೆಯಲ್ಲಿ ಬೆಳೆದ ನನಗೆ ನೀರೆಂದರೆ ನೂಲಿಗೆ ಬಣ್ಣ ಹಾಕಲು ಬೇಕಾದದ್ದು, ಅಷ್ಟೆ. ಇಂಥ ಸಿಟ್ಟು ಸೆಡವನ್ನು ನಾನು ಕಂಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಕೂಡಲಸಂಗಮದ ಈಚೆ, ಮಲಪ್ರಭೆಯ ದಂಡೆಗೆ ನಮ್ಮೂರು. ಎಂಟು ಮನೆಯವರು ಸೇರಿ ಒಂದು ಡೀಸೆಲ್ ಪಂಪು ಕೂಡಿಸಿದ್ದರು. ನೀರಿನ ಪಾಳಿಯ ಯಜಮಾನಿಕೆ ಮಾವನವರದು. ಎಲ್ಲ ಕಡೆ ಪಾಳಿ ಮನೆಗೆ ಇರುತ್ತದೆ, ಇವರದು ಬೆಳೆಗೆ! ಯಾವುದಕ್ಕೆ ಹೆಚ್ಚು ನೀರಡಿಕೆಯೋ ಅದಕ್ಕೆ ಮೊದಲು. ಅದು ತಿಳಿಯುವುದು ಹೇಗೆ? ಮಟಮಟ ಮಧ್ಯಾಹ್ನ ಒಂದು ಗುಟುಕು ನೀರೂ ಕುಡಿಯದೆ ಆ ಹೊಲದ ನಡುವೆ ಕೂಡುವುದು! ಒಮ್ಮೆ ಮೆಣಸಿನ ಗಿಡದ ಸಂಕಟ ತಿಳಿಯಲು ಹೋಗಿ ತಾವೇ ಬವಳಿ ಬಂದು ಬಿದ್ದರು. ಎಚ್ಚರವಾದಾಗ ಅಂದದ್ದು ಇಷ್ಟೇ: "ಗಿಡಾ ಇನ್ನೂ ಎರಡ ದಿನಾ ತಡೀತಾವ. ನನಗಷ್ಟ ಆಗಲಿಲ್ಲ."

ಹೊಳೆಗೂ ಅಳತೆಯಿತ್ತು. ಜಾಲಿಯ ಕೋಲಿಗೆ ಕಚ್ಚು ಹಾಕಿ ದಿನಾ ಮುಂಜಾನೆ ಹೊಳೆಯಲ್ಲಿ ಊರಿ ನೋಡುತ್ತಿದ್ದರು. ನೀರು ಮೇಲಿನ ಕಚ್ಚು ಮುಟ್ಟಿದರೆ ಕಬ್ಬಿಗೂ ಉಂಟು, ನಡುವಿನದಕ್ಕೆ ಇಳಿದರೆ ಮೆಣಸಿನಕಾಯಿವರೆಗೆ, ಕೆಳಗಿನದಕ್ಕೆ ಇಳಿದರೆ ಜೋಳವೇ ಗತಿ. ಒಂದು ದಿನ ಅತ್ತೆ ಆ ಕೋಲನ್ನೇ ಒಲೆಗಿಟ್ಟರು. ಮಾವ ಓಡಿಬಂದು ಎಳೆಯುವಷ್ಟರಲ್ಲಿ ಗೇಣುದ್ದ ಉಳಿದಿತ್ತು.

"ಕಬ್ಬು, ಮೆಣಸಿನಕಾಯಿ ಎರಡೂ ಸುಟ್ಟಿ ನೋಡು. ಬರೇ ಜ್ವಾಳಾ ಉಳೀತು."

"ಹಂಗಾರ ರೊಟ್ಟಿಗೇನ ಕಡಿಮಿ ಇಲ್ಲ, ಕುಂದರ್ರಿ," ಎಂದರು ಅತ್ತೆ.

ಒಂದು ಬೇಸಿಗೆ ಹೊಳೆ ಸೊರಗಿ ಕಾಲುವೆಯಷ್ಟಾಯಿತು. ಪಂಪಿಗೆ ಇನ್ನು ಸಿಗುವುದು ಒಂದೇ ಹೊಲಕ್ಕಾಗುವಷ್ಟು ನೀರು. ಉಳಿದವರ ಬೆಳೆ ಮನೆ ಸೇರಿತ್ತು. ನಿಂತದ್ದು ಎರಡೇ: ಕಾಯಿ ಹಿಡಿಯುತ್ತಿದ್ದ ನಮ್ಮ ಶೇಂಗಾ, ಗಡ್ಡೆ ಕಟ್ಟುತ್ತಿದ್ದ ಗಂಗವ್ವನ ಉಳ್ಳಾಗಡ್ಡಿ. ನೆರೆಹೊಲದ ಗಂಗವ್ವನಿಗೆ ಇದ್ದದ್ದೇ ಆ ಒಂದು ತುಂಡು ಭೂಮಿ. ಮಾವ ಎರಡು ಹೊಲದಲ್ಲೂ ಕೂತು ಎದ್ದು ಬಂದರು. ಬುತ್ತಿ ತಂದಿದ್ದ ನಾನೂ ಅತ್ತೆಯೂ ಕಣ್ಣಾರೆ ಕಂಡಿದ್ದೆವು, ನಮ್ಮ ಶೇಂಗಾದ ಎಲೆಗಳು ನೀರಿಲ್ಲದೆ ಮಡಚಿಕೊಂಡುಬಿಟ್ಟಿದ್ದವು.

ಮಾವ ಯಾರ ಮುಖವನ್ನೂ ನೋಡದೆ ಹೇಳಿದರು: "ಶೇಂಗಾಕ್ಕ ಇನ್ನೂ ನೀರಡಿಕಿ ಆಗಿಲ್ಲ. ಉಳ್ಳಾಗಡ್ಡಿಗೆ ಬಿಡ್ರಿ."

ಬದುವಿನ ಮೇಲೆ ಕಾಯುತ್ತ ನಿಂತಿದ್ದ ಗಂಗವ್ವ ನಂಬಲಿಲ್ಲ. ಅತ್ತೆಯ ಕೈ ಹಿಡಿದು, "ಖರೇನ ಯಕ್ಕಾ?" ಎಂದಳು.

ಅದು ಅತ್ತೆ ಕೈಯಾರೆ ಕಳೆ ತೆಗೆದು ಬೆಳೆಸಿದ ಶೇಂಗಾ. ಮದುವೆಯಾದಾಗಿನಿಂದ ಗಂಡನ ಒಂದು ಮಾತಿಗೂ ಹೌದೆನ್ನದ ಹೆಂಗಸು! ಒಂದು ಗಳಿಗೆ ಹೊಲದ ಕಡೆ ನೋಡಿದರು.

"ಖರೇನ ಐತಿ ತಗೋ," ಎಂದರು. "ಬೆಳಿ ನೀರಡಿಕಿ ಅವರಿಗೆ ತಿಳಿದಷ್ಟು ಮತ್ಯಾರಿಗೆ ತಿಳೀತೈತಿ?"

ಮಾವ ರುಮಾಲು ಬಿಚ್ಚಿ, ಮುಖ ಒರೆಸಿಕೊಳ್ಳುತ್ತ, ಬಹಳ ಹೊತ್ತು ಅತ್ತೆಯನ್ನೇ ನೋಡಿದರು.